ನಿಂತಲ್ಲೇ ಕುಸಿಯುವ ಮೋಟರ್‌ಹೋಮ್: ಏರ್ ಸಸ್ಪೆನ್ಶನ್ ಸೋರಿಕೆಯನ್ನು ಪತ್ತೆ ಹಚ್ಚುವ ಕ್ರಮ

ಸಂಜೆ ಸಮನಾಗಿ ನಿಂತಿದ್ದ ಮೋಟರ್‌ಹೋಮ್ ಬೆಳಗಾಗುವಷ್ಟರಲ್ಲಿ ಹಿಂದಿನ ಎಡಮೂಲೆಗೆ ವಾಲಿದ್ದರೆ, ಆ ಮೂಲೆಯ ಬಲೂನ್ (ಸ್ಪ್ರಿಂಗಿನಂತೆ ಭಾರ ಹೊರುವ, ಗಾಳಿ ತುಂಬಿದ ರಬ್ಬರ್ ಚೀಲ) ಹೋಗಿದೆ ಎಂದು ತೀರ್ಮಾನಿಸಿ ಹುಬ್ಬಳ್ಳಿಯಿಂದಲೋ ಮಂಗಳೂರಿನಿಂದಲೋ ಹೊಸದನ್ನು ತರಿಸುವುದು ಸಾಮಾನ್ಯವಾಗಿ ನಡೆಯುವ ಪದ್ಧತಿ. ಹೊಸ ಬಲೂನ್ ಕೂರಿಸಿದ ಮೇಲೂ ವಾಹನ ವಾಲುವುದು ನಿಲ್ಲದಿದ್ದಾಗಲಷ್ಟೇ ಪೈಪು, ವಾಲ್ವ್, ಕನೆಕ್ಟರುಗಳ ಕಡೆಗೆ ಗಮನ ಹೋಗುತ್ತದೆ. ವಾಲಿದ ಮೂಲೆಯು ಗಾಳಿ ಎಲ್ಲಿ ಕಡಿಮೆಯಾಯಿತು ಎಂಬುದನ್ನು ತೋರಿಸುತ್ತದೆ; ಎಲ್ಲಿಂದ ಹೊರಗೆ ಹೋಯಿತು ಎಂಬುದನ್ನು ನಾವೇ ಹುಡುಕಬೇಕು. ಮೊದಲು ಅಳತೆ, ಆಮೇಲೆ ಭಾಗಗಳನ್ನು ಒಂದೊಂದಾಗಿ ಬೇರ್ಪಡಿಸಿ ನೋಡುವುದು, ಕೊನೆಗೆ ಸಾಬೂನಿನ ನೊರೆ: ಈ ಕ್ರಮವನ್ನು ತಲೆಕೆಳಗು ಮಾಡಿದಷ್ಟೂ ಖರ್ಚು ಹೆಚ್ಚುತ್ತದೆ.

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ ವಾಹನ ಇಟ್ಟುಕೊಂಡವರಿಗೆ ಈ ವಿಷಯ ಹೆಚ್ಚು ಅನ್ವಯಿಸುತ್ತದೆ. ಉಪ್ಪುಗಾಳಿಯು ಬಲೂನಿನ ಮೇಲಿನ ಮತ್ತು ಕೆಳಗಿನ ಲೋಹದ ತಟ್ಟೆಗಳನ್ನು, ಗಾಳಿ ಟ್ಯಾಂಕಿನ ತಳದ ಡ್ರೇನ್ ವಾಲ್ವನ್ನು, ಅಲ್ಯೂಮಿನಿಯಂ ಮೈಯ ವಾಲ್ವುಗಳನ್ನು ತಿನ್ನುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಈ ಪಟ್ಟಿಯಲ್ಲಿ ಕಂಪ್ರೆಸರ್ ಎಳೆದುಕೊಳ್ಳುವ ಗಾಳಿಯೇ ನೀರಿನಿಂದ ತುಂಬಿರುತ್ತದೆ. ಅದರ ಮೇಲೆ, ಹೆಚ್ಚಿನ ಮೋಟರ್‌ಹೋಮ್‌ಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟದ ಶೆಡ್ಡಿನಲ್ಲಿ ಅಲುಗಾಡದೆ ನಿಂತಿರುತ್ತವೆ. ಆ ಅವಧಿಯಲ್ಲಿ ಹೆಗ್ಗಣಗಳಿಗೆ ನೈಲಾನ್ ಪೈಪು ಸಿಕ್ಕರೆ ಬಿಡುವುದಿಲ್ಲ.

ನಿಮ್ಮ ವಾಹನದಲ್ಲಿರುವುದು ಯಾವ ವ್ಯವಸ್ಥೆ

ಬಸ್ಸಿನ ಚಾಸಿಯ ಮೇಲೆ ಕಟ್ಟಿದ ದೊಡ್ಡ ಮೋಟರ್‌ಹೋಮ್‌ಗಳಲ್ಲಿ ವಾಹನದ ದೇಹದ ಪೂರ್ಣ ಭಾರವನ್ನು ಗಾಳಿಯೇ ಹೊರುತ್ತದೆ. ಎಂಜಿನ್ ಓಡಿಸುವ ಕಂಪ್ರೆಸರಿನಿಂದ ಹೊರಟ ಗಾಳಿ ತೇವ ತೆಗೆಯುವ ಏರ್ ಡ್ರೈಯರ್ ದಾಟಿ, ರಕ್ಷಣಾ ವಾಲ್ವಿನಲ್ಲಿ (ಒಂದು ಕವಲು ಸೋರಿದರೂ ಉಳಿದದ್ದರ ಗಾಳಿ ಪೂರ್ತಿ ಹೋಗದಂತೆ ಕಾಯುವ ವಾಲ್ವ್) ಕವಲೊಡೆದು, ಬ್ರೇಕಿನ ಟ್ಯಾಂಕುಗಳಿಗೆ ಒಂದು ಪಾಲು, ಸಸ್ಪೆನ್ಶನ್ ಮತ್ತು ಇತರ ಉಪಕರಣಗಳ ಟ್ಯಾಂಕಿಗೆ ಇನ್ನೊಂದು ಪಾಲು ಹೋಗುತ್ತದೆ. ಅಲ್ಲಿಂದ ಲೆವೆಲಿಂಗ್ ವಾಲ್ವ್ ಮೂಲಕ ಬಲೂನುಗಳಿಗೆ ಇಳಿಯುತ್ತದೆ. ಈ ವಾಲ್ವಿನಿಂದ ಆಕ್ಸಲ್‌ಗೆ ಒಂದು ಸಣ್ಣ ಕಡ್ಡಿ ಜೋಡಿಸಿರುತ್ತಾರೆ. ದೇಹ ಇಳಿದರೆ ಕಡ್ಡಿ ವಾಲ್ವನ್ನು ತೆರೆದು ಗಾಳಿ ತುಂಬಿಸುತ್ತದೆ, ದೇಹ ಏರಿದರೆ ಗಾಳಿಯನ್ನು ಹೊರಗೆ ಬಿಡುತ್ತದೆ. ಸಾಮಾನ್ಯವಾಗಿ ಮುಂದಿನ ಆಕ್ಸಲ್‌ಗೆ ಒಂದು, ಹಿಂದಿನದಕ್ಕೆ ಎರಡು ಲೆವೆಲಿಂಗ್ ವಾಲ್ವ್ ಇರುತ್ತವೆ. ಮುಂದಿನ ಎರಡೂ ಬಲೂನುಗಳು ಒಂದೇ ವಾಲ್ವಿಗೆ ಸೇರಿರುವುದರಿಂದ, ಅವುಗಳಲ್ಲಿ ಒಂದು ಸೋರಿದರೂ ಎರಡೂ ಬದಿ ಒಟ್ಟಿಗೆ ಇಳಿಯುತ್ತವೆ. ಇದು ಗೊತ್ತಿಲ್ಲದೆ ಎಷ್ಟೋ ಕಡೆ ಎರಡೂ ಬಲೂನುಗಳನ್ನು ಬದಲಿಸಿದ್ದಾರೆ.

ಚಿಕ್ಕ ವ್ಯಾನುಗಳನ್ನು ಮೋಟರ್‌ಹೋಮ್ ಮಾಡಿಸಿದವರ ವಾಹನದಲ್ಲಿ ಹೆಚ್ಚಾಗಿ ಇರುವುದು ಬೇರೆಯ ಏರ್ಪಾಡು. ಪಟ್ಟಿ ಸ್ಪ್ರಿಂಗ್ ಹಾಗೆಯೇ ಇರುತ್ತದೆ. ಅದಕ್ಕೆ ನೆರವಾಗಿ ಹಿಂದಿನ ಆಕ್ಸಲ್ ಮೇಲೆ ಎರಡು ಪುಟ್ಟ ಬಲೂನುಗಳನ್ನು ಸೇರಿಸಿ, ಟೈರಿಗೆ ಗಾಳಿ ಹಾಕುವಂಥದ್ದೇ ವಾಲ್ವ್ ಅಥವಾ 12 ವೋಲ್ಟಿನ ಕಂಪ್ರೆಸರ್ ಕೊಟ್ಟಿರುತ್ತಾರೆ. ಇದರ ಪರೀಕ್ಷೆ ಸುಲಭ. ಅದನ್ನು ಕೊನೆಯಲ್ಲಿ ನೋಡೋಣ.

ಕೆಳಗೆ ನುಸುಳುವ ಮುನ್ನ

ಬರೀ ಗಾಳಿಯ ಆಧಾರದ ಮೇಲೆ ನಿಂತ ವಾಹನದ ಕೆಳಗೆ ತಲೆ ಹಾಕಲೇಬಾರದು. ಸೋರುತ್ತಿರುವ ಪೈಪನ್ನು ಕೈಯಲ್ಲಿ ಅಲುಗಿಸಿದ ಕ್ಷಣದಲ್ಲೇ ಅದು ಕಳಚಿಕೊಂಡರೆ ದೇಹ ಒಮ್ಮೆಲೇ ಕೆಳಗಿನ ತಡೆಗಟ್ಟೆಯ (ಬಂಪ್ ಸ್ಟಾಪ್) ಮೇಲೆ ಕೂರುತ್ತದೆ, ಚಾಸಿಗೂ ನೆಲಕ್ಕೂ ನಡುವಿನ ಜಾಗ ಮನುಷ್ಯನ ಎದೆಗಿಂತ ಕಿರಿದಾಗಿಬಿಡಬಹುದು. ತಯಾರಕರು ಸೂಚಿಸಿದ ಜಾಗದಲ್ಲಿ ಚಾಸಿಯ ಕೆಳಗೆ ಭಾರಕ್ಕೆ ತಕ್ಕ ಜಾಕ್ ಸ್ಟ್ಯಾಂಡುಗಳನ್ನು ಕೊಟ್ಟು, ಚಕ್ರಗಳ ಹಿಂದೆ ಮುಂದೆ ಮರದ ಬೆಣೆ ಇಟ್ಟ ಮೇಲಷ್ಟೇ ಕೆಳಗಿನ ಕೆಲಸ. ನಮ್ಮ ಕಡೆ ಕೈಗೆ ಸಿಗುವುದು ಚಿರೆಕಲ್ಲು. ಅದನ್ನು ಆಧಾರಕ್ಕೆ ಇಡಬೇಡಿ. ಗೋಡೆಯಲ್ಲಿ ಹರಡಿದ ಭಾರವನ್ನು ಅದು ಹೊರುತ್ತದೆ, ಜಾಕಿನ ಒಂದೇ ಬಿಂದುವಿನ ಭಾರಕ್ಕೆ ಎಚ್ಚರಿಕೆ ಕೊಡದೆ ಒಡೆದುಹೋಗುತ್ತದೆ. ತೆಂಗಿನ ತೋಟದ ಮರಳು ನೆಲವೂ ಬೇಡ. ಸಿಮೆಂಟ್ ಅಂಗಳವೋ ಪೆಟ್ರೋಲ್ ಬಂಕಿನ ಪಕ್ಕದ ಗಟ್ಟಿ ನೆಲವೋ ಸಿಗುವವರೆಗೆ ಕಾಯುವುದು ಮೇಲು. ಗಾಳಿ ತುಂಬಿದ ಯಾವ ಕನೆಕ್ಟರನ್ನೂ ಸಡಿಲಿಸಬಾರದು, ಸೋರುವ ತೂತಿಗೆ ಬೆರಳು ಒಡ್ಡಬಾರದು, ಕಣ್ಣಿಗೆ ಕನ್ನಡಕ ಇರಲೇಬೇಕು.

ಒಂದು ರಾತ್ರಿಯ ಅಳತೆ

ಸಮನಾದ ನೆಲದಲ್ಲಿ ವಾಹನವನ್ನು ನಿಲ್ಲಿಸಿ, ಕಂಪ್ರೆಸರ್ ಪೂರ್ತಿ ತುಂಬಿ ಡ್ರೈಯರ್ ‘ಫುಸ್’ ಎಂದು ಒಮ್ಮೆ ಉಸಿರು ಬಿಡುವವರೆಗೆ ಎಂಜಿನ್ ಓಡಿಸಿ. ಜನರೂ ಸಾಮಾನೂ ಇಳಿದ ಮೇಲೆ ಲೆವೆಲಿಂಗ್ ವಾಲ್ವ್ ತುಸು ಹೊತ್ತು ಗಾಳಿ ಬಿಡುವುದು ಸಹಜ; ಅದು ಶಾಂತವಾಗಲು ಕೆಲವು ನಿಮಿಷ ಬಿಡಬೇಕು. ಆಮೇಲೆ ನಾಲ್ಕೂ ಚಕ್ರಗಳಲ್ಲಿ ಗಾಲಿಯ ನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗಿನ ಎತ್ತರವನ್ನು ಟೇಪಿನಲ್ಲಿ ಅಳೆದು ಬರೆದಿಡಿ. ನೆಲದಿಂದ ಅಳೆದರೆ ಟೈರಿನ ಗಾಳಿಯೂ ಲೆಕ್ಕದೊಳಗೆ ನುಸುಳುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಟ್ಯಾಂಕುಗಳ ಗಾಳಿಯ ಒತ್ತಡ ತೋರಿಸುವ ಮುಳ್ಳುಗಳು ಎಲ್ಲಿವೆ ಎಂಬುದರ ಫೋಟೋ ತೆಗೆದು, ನೀರಿನ ಟ್ಯಾಂಕು ಎಷ್ಟು ತುಂಬಿದೆ ಎಂದೂ ಬರೆದಿಡಿ. 200 ಲೀಟರ್ ನೀರೆಂದರೆ 200 ಕಿಲೋ. ಟ್ಯಾಂಕು ಒಂದೇ ಬದಿಗಿದ್ದರೆ ಆ ಬದಿ ಮೊದಲು ತಗ್ಗುವುದಕ್ಕೆ ಸೋರಿಕೆ ಅಲ್ಲೇ ಇರಬೇಕೆಂದೇನಿಲ್ಲ.

ಒಂದು ಗಂಟೆ, ಮೂರು ಗಂಟೆ ಮತ್ತು ಮರುದಿನ ಬೆಳಗ್ಗೆ ಇದೇ ಅಳತೆಗಳನ್ನು ಮತ್ತೆ ತೆಗೆದುಕೊಳ್ಳಿ. ಇಲ್ಲಿ ಎತ್ತರಕ್ಕೆ ಒತ್ತು ಕೊಡಲು ಕಾರಣವಿದೆ. ಪೂರ್ಣ ಏರ್ ಸಸ್ಪೆನ್ಶನ್‌ನಲ್ಲಿ ಬಲೂನಿನೊಳಗಿನ ಒತ್ತಡವನ್ನು ನಿರ್ಧರಿಸುವುದು ಅದರ ಮೇಲಿನ ಭಾರ. ಗಾಳಿ ಸೋರಿದಂತೆ ಬಲೂನ್ ಕುಗ್ಗುತ್ತದೆ, ಆದರೆ ಭಾರ ಹಾಗೆಯೇ ಇರುವುದರಿಂದ ಒಳಗಿನ ಒತ್ತಡ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ದೇಹ ತಡೆಗಟ್ಟೆಯ ಮೇಲೆ ಕುಳಿತ ಮೇಲಷ್ಟೇ ಒತ್ತಡ ಬೀಳುತ್ತದೆ. ಹೀಗಾಗಿ ಬಲೂನಿಗೆ ಗೇಜ್ ಹಚ್ಚಿ ‘ಒತ್ತಡ ಸರಿಯಿದೆ’ ಎನ್ನುವ ಮೆಕ್ಯಾನಿಕ್‌ನ ಮಾತಿನಿಂದ ಸೋರಿಕೆಯ ವಿಷಯದಲ್ಲಿ ಏನೂ ತಿಳಿಯುವುದಿಲ್ಲ.

ಕೆಲವು ಮಿಲಿಮೀಟರ್ ಇಳಿದರೆ ಗಾಬರಿ ಬೇಡ. ಶಿರಸಿಯ ಚಳಿಗಾಲದಲ್ಲಿ ಮಧ್ಯಾಹ್ನ 33 ಡಿಗ್ರಿಯಲ್ಲಿ ತುಂಬಿದ ಗಾಳಿ ನಸುಕಿಗೆ 18 ಡಿಗ್ರಿಗೆ ತಣ್ಣಗಾದರೆ ಅದರ ಗಾತ್ರ ಶೇ. 5ರಷ್ಟು ಕುಗ್ಗುತ್ತದೆ. ಕಾರವಾರದ ಮಳೆಗಾಲದಲ್ಲಿ ಹಗಲು ರಾತ್ರಿಗಳ ಉಷ್ಣತೆಯ ಅಂತರ ಕಡಿಮೆಯಾದ್ದರಿಂದ ಅಲ್ಲಿ ಈ ಸಬೂಬು ಅಷ್ಟಾಗಿ ನಡೆಯುವುದಿಲ್ಲ.

ಮುಳ್ಳು ಮತ್ತು ಎತ್ತರವನ್ನು ಜೋಡಿಸಿ ಓದುವುದು

ಎಲ್ಲರೂ ಎಡವುವುದು ಇಲ್ಲಿ. ರಾತ್ರಿಯ ಮೊದಲ ಕೆಲವು ಗಂಟೆ ದೇಹ ಒಂದಿಷ್ಟೂ ಇಳಿಯದೆ ನಿಂತಿದ್ದರೆ ಬಲೂನುಗಳು ಗಟ್ಟಿ ಎಂದು ಹೇಳುವಂತಿಲ್ಲ. ಬಲೂನು ತುಸು ಸೋರಿ ದೇಹ ಕೊಂಚ ತಗ್ಗಿದೊಡನೆ ಲೆವೆಲಿಂಗ್ ವಾಲ್ವ್ ತೆರೆದು ಟ್ಯಾಂಕಿನಿಂದ ಗಾಳಿ ತುಂಬಿಸುತ್ತದೆ. ಎಂಜಿನ್ ನಿಂತಿದ್ದರೂ ಇದು ನಡೆಯುತ್ತಲೇ ಇರುತ್ತದೆ. ಆದ್ದರಿಂದ ಬಲೂನಿನ ಸೋರಿಕೆ ಮೊದಲು ಕಾಣಿಸುವುದು ಟ್ಯಾಂಕಿನ ಮುಳ್ಳಿನಲ್ಲಿ. ಟ್ಯಾಂಕು ಖಾಲಿಯಾಗುತ್ತ ಬಂದು ರಕ್ಷಣಾ ವಾಲ್ವ್ ಸಸ್ಪೆನ್ಶನ್ನಿನ ದಾರಿಯನ್ನು ಮುಚ್ಚಿದ ನಂತರ ಬ್ರೇಕಿನ ಮುಳ್ಳು ಒಂದು ಮಟ್ಟದಲ್ಲಿ ನಿಲ್ಲುತ್ತದೆ, ದೇಹ ಮಾತ್ರ ಇಳಿಯತೊಡಗುತ್ತದೆ. ಮುಳ್ಳು ಇಳಿದು, ನಡುವೆ ಎಲ್ಲೋ ನಿಂತು, ಆಮೇಲೆ ದೇಹ ಕುಸಿದಿದ್ದರೆ ಸೋರಿಕೆ ರಕ್ಷಣಾ ವಾಲ್ವಿನ ಆಚೆಗೆ, ಅಂದರೆ ಸಸ್ಪೆನ್ಶನ್ ಅಥವಾ ಇತರ ಉಪಕರಣಗಳ ಕಡೆಗಿದೆ. ಮುಳ್ಳು ಸೊನ್ನೆಯವರೆಗೂ ಇಳಿದಿದ್ದರೆ ಬ್ರೇಕಿನ ಕಡೆಯೂ ಸೋರುತ್ತಿದೆ ಎಂದರ್ಥ, ಮತ್ತು ಆ ಕೆಲಸ ಮೊದಲು ಆಗಬೇಕು.

ಬ್ರೇಕಿನ ಕಡೆಯನ್ನು ಬೇರ್ಪಡಿಸಿ ನೋಡಲು ಬೆಣೆ ಇಟ್ಟುಕೊಂಡು ಮೂರು ಸ್ಥಿತಿಗಳಲ್ಲಿ ಮುಳ್ಳನ್ನು ಗಮನಿಸಿ: ಪಾರ್ಕಿಂಗ್ ಬ್ರೇಕ್ ಹಾಕಿದಾಗ, ಬಿಟ್ಟಾಗ, ಪೆಡಲ್ ಒತ್ತಿ ಹಿಡಿದಾಗ. ಎಂಜಿನ್ ನಿಲ್ಲಿಸಿ ಪೆಡಲ್ ಮುಟ್ಟದಿದ್ದಾಗ ನಿಮಿಷಕ್ಕೆ 2 ಪಿಎಸ್‌ಐ, ಪೆಡಲ್ ಒತ್ತಿದಾಗ 3 ಪಿಎಸ್‌ಐ ಮೀರಿ ಇಳಿಯಬಾರದು ಎಂಬುದು ಅಮೆರಿಕದಲ್ಲಿ ಭಾರಿ ವಾಹನದ ಚಾಲಕರಿಗೆ ಕಲಿಸುವ ಮಿತಿ. ಇದು ಬ್ರೇಕಿನ ಸುರಕ್ಷತೆಯ ಮಿತಿ, ಸೋರಿಕೆಯಿಲ್ಲ ಎಂಬುದಕ್ಕೆ ಪ್ರಮಾಣಪತ್ರವಾಗಲಾರದು. ನಿಮಿಷಕ್ಕೆ 0.01 ಬಾರ್ (1 ಬಾರ್ ಎಂದರೆ ಸುಮಾರು 14.5 ಪಿಎಸ್‌ಐ ಒತ್ತಡ), ಅಂದರೆ ಈ ಮಿತಿಯ ಹತ್ತರಲ್ಲೊಂದಕ್ಕೂ ಕಡಿಮೆ ಸೋರಿದರೂ ಹತ್ತು ಗಂಟೆಯಲ್ಲಿ 6 ಬಾರ್ ಹೋಗಿರುತ್ತದೆ.

ಬೇರ್ಪಡಿಸುವ ಪರೀಕ್ಷೆ

ಸೋರಿಕೆ ಸಸ್ಪೆನ್ಶನ್ ಟ್ಯಾಂಕಿನ ಆಚೆಗಿದೆ ಎಂದಾದ ಮೇಲೆ ಮೊದಲ ಅನುಮಾನ ಬಲೂನಿನ ಮೇಲೆ ಹೋಗಬಾರದು. ಮೋಟರ್‌ಹೋಮ್ ಕಟ್ಟುವವರು ಗಾಳಿಯ ಬಾಗಿಲು, ಚಾಲಕನ ಗಾಳಿ ಸೀಟು, ಏರ್ ಹಾರ್ನ್ ಎಲ್ಲಕ್ಕೂ ಇದೇ ಟ್ಯಾಂಕಿನಿಂದ ಟೀ (T ಆಕಾರದ ಕವಲು ಕನೆಕ್ಟರ್) ಹಾಕಿ ಗಾಳಿ ಎಳೆದಿರುತ್ತಾರೆ. ಚಾಸಿ ತಯಾರಕರ ಪೈಪು ಕ್ಲಿಪ್ಪಿನೊಳಗೆ ಶಿಸ್ತಾಗಿ ಕೂತಿದ್ದರೆ, ಆಮೇಲೆ ಸೇರಿಸಿದ ಪೈಪು ಬಾಡಿಯ ಕೋನಕಬ್ಬಿಣದ ಅಂಚಿಗೆ ಉಜ್ಜುತ್ತ ಜೋತಾಡುತ್ತಿರುತ್ತದೆ. ಟ್ಯಾಂಕಿನ ಗಾಳಿ ಬಿಟ್ಟು, ಈ ಹೆಚ್ಚುವರಿ ಪೈಪುಗಳನ್ನು ಟೀ ಬಳಿ ಕಳಚಿ, ಸರಿ ಅಳತೆಯ ಪ್ಲಗ್ ಹಾಕಿ ಮತ್ತೆ ಒಂದು ರಾತ್ರಿ ಅಳೆಯಿರಿ. ವಾಹನ ಕುಸಿಯದಿದ್ದರೆ ಸಸ್ಪೆನ್ಶನ್ನಿಗೆ ಕೈ ಹಚ್ಚುವ ಅಗತ್ಯವೇ ಇಲ್ಲ.

ಕುಸಿದರೆ ಮುಂದಿನ ಹೆಜ್ಜೆ: ವಾಹನ ತುಂಬಿ ನಿಂತಾಗ ಸಸ್ಪೆನ್ಶನ್ ಟ್ಯಾಂಕಿನ ಗಾಳಿಯನ್ನಷ್ಟೇ ಡ್ರೇನ್ ಮೂಲಕ ಬಿಡಿ. ಈಗ ಬಲೂನುಗಳಿಗೆ ಮರುಪೂರಣ ಇಲ್ಲ. ಟ್ಯಾಂಕು ಖಾಲಿಯಾದ ಕೆಲವೇ ನಿಮಿಷಗಳಲ್ಲಿ ದೇಹವೂ ಇಳಿದರೆ ಲೆವೆಲಿಂಗ್ ವಾಲ್ವಿನೊಳಗಿನ ಹಿಮ್ಮುಖ ತಡೆ ಕೆಲಸ ಮಾಡದೆ ಬಲೂನಿನ ಗಾಳಿ ಟ್ಯಾಂಕಿಗೇ ವಾಪಸು ಹರಿಯುತ್ತಿದೆ. ನಿಧಾನವಾಗಿ ಒಂದು ಮೂಲೆಯಷ್ಟೇ ಇಳಿದರೆ ಆ ಮೂಲೆಯ ವಾಲ್ವ್, ಪೈಪು, ಬಲೂನು ಮೂರರಲ್ಲಿ ಒಂದು. ಅವುಗಳಲ್ಲಿ ಯಾವುದೆಂದು ತಿಳಿಯಲು ಸ್ಟ್ಯಾಂಡಿನ ಮೇಲೆ ದೇಹವನ್ನು ಕೂರಿಸಿ, ಆ ಬಲೂನಿನ ಗಾಳಿ ಬಿಟ್ಟು, ವಾಲ್ವಿನಿಂದ ಬರುವ ಪೈಪನ್ನು ಬಲೂನಿನ ಬಾಯಿಯಲ್ಲಿ ಕಳಚಿ, ಅಲ್ಲಿ ಒಂದು ಸಣ್ಣ ಬಿರಡೆ ವಾಲ್ವನ್ನೂ ಗಾಳಿ ತುಂಬುವ ಮೂತಿಯನ್ನೂ ಜೋಡಿಸಿ. ಕಳಚಿದ ಪೈಪಿನ ತುದಿಗೆ ಪ್ಲಗ್ ಹಾಕುವುದನ್ನು ಮರೆಯಬಾರದು. ಹೊರಗಿನ ಕಂಪ್ರೆಸರಿನಿಂದ ಬಲೂನನ್ನು ಮೊದಲಿನ ಎತ್ತರಕ್ಕೆ ತುಂಬಿ ಬಿರಡೆ ಮುಚ್ಚಿ ಕಾಯಿರಿ. ಎತ್ತರ ಉಳಿದರೆ ಬಲೂನು ನಿರ್ದೋಷಿ, ದೋಷ ವಾಲ್ವ್ ಅಥವಾ ಪೈಪಿನದು. ಒಂದು ರಾತ್ರಿಯ ಕಾಯುವಿಕೆ ಇಲ್ಲಿ ಸಾವಿರಾರು ರೂಪಾಯಿ ಉಳಿಸುತ್ತದೆ.

ನೊರೆ ಹಚ್ಚುವುದು

ಪ್ರದೇಶ ಇಷ್ಟು ಕಿರಿದಾದ ಮೇಲೆ ನೊರೆಯ ಕೆಲಸ. ಒಂದು ಲೀಟರ್ ನೀರಿಗೆ ಎರಡು ಮೂರು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ಅಂಟುವಾಳದ ನೀರೂ ಚೆನ್ನಾಗಿ ನೊರೆ ಕೊಡುತ್ತದೆ. ಬಟ್ಟೆ ಸೋಡಾ, ಬ್ಲೀಚ್, ಅಮೋನಿಯಾ ಸೇರಿದ ದ್ರಾವಣಗಳು ಹಿತ್ತಾಳೆ ಮತ್ತು ಅಲ್ಯೂಮಿನಿಯಂ ಭಾಗಗಳಿಗೆ ಕೆಡುಕು. ಮೊದಲು ಕೆಸರು ತೊಳೆದು ಒರೆಸಿ, ಸ್ಪ್ರೇ ಬಾಟಲಿಯಿಂದ ಅಥವಾ ಬ್ರಷ್‌ನಿಂದ ನೊರೆ ಹಚ್ಚಿ ಪ್ರತಿ ಜಾಗದಲ್ಲಿ ಕನಿಷ್ಠ ಒಂದು ನಿಮಿಷ ನೋಡಬೇಕು. ದೊಡ್ಡ ಸೋರಿಕೆ ನೊರೆಯನ್ನೇ ಹಾರಿಸಿಬಿಡುತ್ತದೆ. ರಾತ್ರಿಯಿಡೀ ಕುಸಿಸುವ ಸೋರಿಕೆ ಸಾಸಿವೆಯಂಥ ಗುಳ್ಳೆಗಳ ಸಣ್ಣ ಗೊಂಚಲಾಗಿ ನಿಧಾನಕ್ಕೆ ಬೆಳೆಯುತ್ತದೆ. ಕಿವಿಯನ್ನು ಪೂರ್ತಿ ನಂಬಬೇಡಿ: ಕರಾವಳಿಯಲ್ಲಿ ಕಡಲ ಮೊರೆತ, ಘಟ್ಟದ ಮೇಲೆ ಸಂಜೆಯಾದರೆ ಜೀರುಂಡೆ, ಎರಡೂ ಸಣ್ಣ ಸೋರಿಕೆಯ ಸದ್ದನ್ನು ನುಂಗಿಬಿಡುತ್ತವೆ. ಮಳೆಯಲ್ಲಿ ನೊರೆ ನಿಲ್ಲುವುದಿಲ್ಲವಾದ್ದರಿಂದ ಶೆಡ್ಡು ಬೇಕೇ ಬೇಕು. ಕೆಲಸ ಮುಗಿದ ಮೇಲೆ ಸಿಹಿನೀರಿನಲ್ಲಿ ತೊಳೆಯಿರಿ.

ಬಲೂನಿನಲ್ಲಿ ನೋಡಬೇಕಾದ ಜಾಗಗಳು ಮೂರು: ಮೇಲಿನ ತಟ್ಟೆಗೆ ರಬ್ಬರ್ ಸೇರುವ ಸುತ್ತು, ಕೆಳಗಿನ ಪಿಸ್ಟನ್ ಮೇಲೆ ರಬ್ಬರ್ ಮಡಚಿಕೊಳ್ಳುವ ಜಾಗ, ಗಾಳಿ ಒಳಹೋಗುವ ಮೂತಿ. ಮಡಿಕೆಯ ಬಿರುಕು ವಾಹನ ತನ್ನ ಎತ್ತರದಲ್ಲಿ ನಿಂತಾಗ ಮುಚ್ಚಿಕೊಂಡಿರಬಹುದು, ಹಾಗಾಗಿ ಜಾಕಿನಿಂದ ದೇಹವನ್ನು ತುಸು ಎತ್ತಿ, ಸ್ಟ್ಯಾಂಡ್ ಕೊಟ್ಟು, ಮಡಿಕೆ ಬಿಚ್ಚಿಕೊಂಡಾಗಲೂ ನೊರೆ ಹಚ್ಚಿ ನೋಡಬೇಕು. ಗೋಕರ್ಣ, ಕಾಸರಕೋಡಿನಂಥ ಕಡೆ ಮರಳಿನ ದಾರಿಯಲ್ಲಿ ಓಡಿಸಿದ ವಾಹನಗಳಲ್ಲಿ ಈ ಮಡಿಕೆಯಲ್ಲೇ ಮರಳು ಸಿಕ್ಕಿಕೊಂಡು ರಬ್ಬರನ್ನು ಸವೆಸುತ್ತದೆ. ಮೇಲ್ಮೈಯ ಕೂದಲೆಳೆಯಂಥ ಬಿರುಕು ವಯಸ್ಸಿನ ಗುರುತು, ಸೋರಿಕೆಯ ಸಾಕ್ಷಿಯಲ್ಲ. ಆದರೆ ಒಳಗಿನ ನೂಲು ಕಾಣಿಸಿದರೆ ಸೋರದಿದ್ದರೂ ಬದಲಿಸಬೇಕು. ಟೈರಿನ ಪಂಕ್ಚರ್ ಹಾಕುವವರಿಂದ ಪ್ಯಾಚ್ ಹಾಕಿಸುವ ಯೋಚನೆ ಬೇಡ. ಹೊಸ ಬಲೂನು ಹಾಕುವ ಮುನ್ನ ಶಾಕ್ ಅಬ್ಸಾರ್ಬರ್ ಮುರಿದಿಲ್ಲವೇ, ಟೈರು ಅಥವಾ ಬ್ರೇಕ್ ಚೇಂಬರ್ ಬಲೂನಿಗೆ ತಾಗುತ್ತಿಲ್ಲವೇ ಎಂದು ನೋಡದಿದ್ದರೆ ಹೊಸದೂ ಹಾಗೆಯೇ ಹರಿಯುತ್ತದೆ.

ಕನೆಕ್ಟರಿನ ಬಳಿ ಗುಳ್ಳೆ ಬಂದರೆ ಸಮಾಧಾನಪಡಿ, ಅದು ಅಗ್ಗದ ದುರಸ್ತಿ. ಒತ್ತಿ ಕೂರಿಸುವ ಕನೆಕ್ಟರಿನಲ್ಲಿ ಪೈಪು ಒಂದು ಬದಿಗೆ ಎಳೆದಂತಿದ್ದರೆ ಒಳಗಿನ ಓ ರಿಂಗ್ (ಗಾಳಿ ತಡೆಯುವ ರಬ್ಬರ್ ಉಂಗುರ) ಸರಿಯಾಗಿ ಹಿಡಿಯುವುದಿಲ್ಲ. ಗಾಳಿ ಬಿಟ್ಟು, ಪೈಪು ಹೊರತೆಗೆದು, ಗೀರು ಬಿದ್ದ ತುದಿಯನ್ನು ಪೈಪ್ ಕಟರಿನಿಂದ ನೇರವಾಗಿ ಕತ್ತರಿಸಿ, ಒಳಹೋಗಬೇಕಾದ ಆಳವನ್ನು ಪೆನ್ನಿನಲ್ಲಿ ಗುರುತಿಸಿ, ಗುರುತಿನವರೆಗೂ ಒತ್ತಿ. ಹ್ಯಾಕ್ಸಾದಲ್ಲಿ ಕೊಯ್ದ ತುದಿ ಓರೆಯಾಗಿ, ತರಿತರಿಯಾಗಿ, ಓ ರಿಂಗನ್ನೇ ಸೀಳುತ್ತದೆ. ಟೆಫ್ಲಾನ್ ಟೇಪು ತುದಿಯತ್ತ ಕಿರಿದಾಗುವ ತಿರುಪಿನ (ಟೇಪರ್ ಥ್ರೆಡ್) ಕೀಲುಗಳಿಗೆ ಮಾತ್ರ. ಉಳಿದೆಡೆ ಸುತ್ತಿದ ಟೇಪಿನ ಚೂರು ಲೆವೆಲಿಂಗ್ ವಾಲ್ವಿನೊಳಗೆ ಸೇರಿ ಹೊಸ ಸೋರಿಕೆಯನ್ನು ಹುಟ್ಟಿಸುತ್ತದೆ.

ಲೆವೆಲಿಂಗ್ ವಾಲ್ವಿನ ಹೊರಬಾಯಿಯಲ್ಲಿ, ದೇಹ ಸ್ಥಿರವಾದ ಎಷ್ಟೋ ಹೊತ್ತಿನ ನಂತರವೂ ಗುಳ್ಳೆ ಬರುತ್ತಿದ್ದರೆ ಕಡ್ಡಿಯನ್ನು ಕಳಚಿ ತೋಳನ್ನು ಕೈಯಿಂದ ನಡುಸ್ಥಾನಕ್ಕೆ ತನ್ನಿ. ಆಗ ಗುಳ್ಳೆ ನಿಂತರೆ ಕಡ್ಡಿಯ ಹೊಂದಾಣಿಕೆ ತಪ್ಪಿದೆ. ನಿಲ್ಲದಿದ್ದರೆ ವಾಲ್ವಿನ ಒಳಸೀಲು ಹೋಗಿದೆ. ಅದೇ ಹೊರಬಾಯಿಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿ ಮುಚ್ಚಿಬಿಡುವುದೂ ಉಂಟು. ಆಗ ವಾಹನ ಕುಸಿಯುವ ಬದಲು ಎತ್ತರದಲ್ಲೇ ಉಳಿಯುತ್ತದೆ.

ಸೀಲು ಏಕೆ ಹೋಯಿತು ಎಂಬುದಕ್ಕೆ ಉತ್ತರ ಹೆಚ್ಚಾಗಿ ಟ್ಯಾಂಕಿನ ತಳದಲ್ಲಿರುತ್ತದೆ. ಡ್ರೇನ್ ಎಳೆದಾಗ ತುಕ್ಕಿನ ಬಣ್ಣದ ನೀರು ಬಂದರೆ ಡ್ರೈಯರ್ ತನ್ನ ಕೆಲಸ ಬಿಟ್ಟಿದೆ. ಹಾಲಿನಂಥ ನೀರು ಬಂದರೆ ಕಂಪ್ರೆಸರ್ ಎಣ್ಣೆಯನ್ನೂ ತಳ್ಳುತ್ತಿದೆ. ಕರಾವಳಿಯಲ್ಲಿ ಡ್ರೈಯರ್ ಕಾರ್ಟ್ರಿಜ್ಜನ್ನು ಮಳೆಗಾಲಕ್ಕೆ ಮುನ್ನ, ಮೇ ತಿಂಗಳಲ್ಲೇ ಬದಲಿಸುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಡ್ರೈಯರ್ ಒಮ್ಮೆ ಉಸಿರು ಬಿಟ್ಟ ಮೇಲೂ ಸಣ್ಣಗೆ ಸೋರುತ್ತಿದ್ದರೆ ಅದರ ಹೊರಬಿಡುವ ವಾಲ್ವಿನಲ್ಲಿ ಕಸ ಕೂತಿರಬಹುದು.

ನೆರವಿನ ಬಲೂನುಗಳಿದ್ದರೆ

ಪಟ್ಟಿ ಸ್ಪ್ರಿಂಗಿನ ಜೊತೆಗಿರುವ ಪುಟ್ಟ ಬಲೂನುಗಳಲ್ಲಿ ಗಾಳಿ ಹೋದಂತೆ ಭಾರ ಸ್ಪ್ರಿಂಗಿಗೆ ವರ್ಗವಾಗುವುದರಿಂದ ಇಲ್ಲಿ ಗೇಜಿನ ಮಾತು ನಂಬಬಹುದು. ಒಂದು ಎಚ್ಚರಿಕೆ ಮಾತ್ರ ಬೇಕು: ಬಲೂನಿನ ಗಾತ್ರ ಚಿಕ್ಕದು, ಪ್ರತಿ ಸಲ ಗೇಜ್ ಹಚ್ಚಿದಾಗಲೂ ಒಂದಿಷ್ಟು ಗಾಳಿ ಹೊರಬಂದು ಒತ್ತಡ ಇಳಿಯುತ್ತದೆ. ದಿನವೂ ಅಳೆಯುವವರು ತಾವೇ ಸೋರಿಕೆಯನ್ನು ಸೃಷ್ಟಿಸಿಕೊಳ್ಳುತ್ತಾರೆ. ವಾಲ್ವಿನ ಬಾಯಿಗೆ ನೊರೆ ಹಚ್ಚಿ ನೋಡಿ, ಬೇಕಿದ್ದರೆ ಒಳಪಿನ್ನು ಬದಲಿಸಿ, ಮುಚ್ಚಳ ಹಾಕಿ. 12 ವೋಲ್ಟಿನ ಕಂಪ್ರೆಸರ್ ಇದ್ದರೆ ಅದರ ಹಿಮ್ಮುಖ ತಡೆಯಿಂದಲೇ ಗಾಳಿ ವಾಪಸಾಗುವುದು ಹೆಚ್ಚು. ಎಡ ಬಲ ಬಲೂನುಗಳನ್ನು ಒಂದೇ ಪೈಪಿಗೆ ಟೀ ಮಾಡಿದ್ದರೆ ಬೇರೆ ಮಾಡಿಸಿ. ಘಟ್ಟದ ತಿರುವಿನಲ್ಲಿ ಹೊರಬದಿಯ ಗಾಳಿ ಒಳಬದಿಗೆ ಹರಿದು ವಾಹನ ಇನ್ನಷ್ಟು ಓಲುತ್ತದೆ.

ದಾರಿಯ ನಡುವೆ ಕುಸಿದರೆ

ಕುಮಟಾ–ಶಿರಸಿ ನಡುವಿನ ದೇವಿಮನೆ ಘಟ್ಟದಲ್ಲೋ ಅಂಕೋಲಾ–ಯಲ್ಲಾಪುರ ನಡುವಿನ ಅರಬೈಲ್ ಘಟ್ಟದಲ್ಲೋ ವಾಹನ ಕುಸಿದರೆ ಮೊದಲು ನೋಡಬೇಕಾದ್ದು ಬ್ರೇಕಿನ ಮುಳ್ಳು. ಗಾಳಿ ಕಡಿಮೆಯೆಂಬ ದೀಪ ಅಥವಾ ಬಜರ್ ಬರುತ್ತಿದ್ದರೆ ಒಂದು ಅಡಿಯೂ ಮುಂದೆ ಹೋಗಬಾರದು, ಇಳಿಜಾರಿನಲ್ಲಂತೂ ಸಲ್ಲದು. ಬ್ರೇಕಿನ ಗಾಳಿ ಸ್ಥಿರವಾಗಿದ್ದು, ಟೈರು ಎಲ್ಲೂ ಬಾಡಿಗೆ ತಾಗದಿದ್ದರೆ, ತಯಾರಕರ ಕೈಪಿಡಿ ಒಪ್ಪುವಷ್ಟು ದೂರ, ನಿಧಾನವಾಗಿ, ವಾಹನ ನಿಲ್ಲಿಸಬಹುದಾದ ಹತ್ತಿರದ ಜಾಗದವರೆಗೆ ಹೋಗಬಹುದು. ಗ್ಯಾರೇಜು ಆರಿಸುವಾಗ ರಾತ್ರಿ ಬೆಂಗಳೂರಿಗೆ ಓಡುವ ಸ್ಲೀಪರ್ ಬಸ್ಸುಗಳನ್ನು ನೋಡಿಕೊಳ್ಳುವವರನ್ನು ಕೇಳಿ. ಕಾರಿನ ಗ್ಯಾರೇಜಿನವರಿಗಿಂತ ಅವರ ಕೈ ಈ ವಾಲ್ವುಗಳಲ್ಲಿ ಹೆಚ್ಚು ಪಳಗಿರುತ್ತದೆ. ನೀವು ಬರೆದಿಟ್ಟ ಎತ್ತರದ ಪಟ್ಟಿಯನ್ನೂ ಮುಳ್ಳಿನ ಫೋಟೋವನ್ನೂ ಅವರ ಕೈಗೆ ಕೊಡಿ.

ದುರಸ್ತಿ ಮುಗಿದ ಮೇಲೆ ವಾಹನವನ್ನು ಒಂದು ಸುತ್ತು ಓಡಿಸಿ, ಹಿಂದಿನ ಅದೇ ಜಾಗದಲ್ಲಿ, ಅಷ್ಟೇ ನೀರು ತುಂಬಿಸಿ, ಅದೇ ನಾಲ್ಕು ಅಳತೆಗಳನ್ನು ಒಂದು ರಾತ್ರಿಯ ಅಂತರದಲ್ಲಿ ತೆಗೆದುಕೊಳ್ಳಿ. ಇಳಿತ ಮೊದಲಿಗಿಂತ ಕಡಿಮೆಯಾಗಿದ್ದು ಪೂರ್ತಿ ನಿಂತಿಲ್ಲವಾದರೆ ಎರಡನೆಯ ಸೋರಿಕೆ ಉಳಿದಿದೆ. ಪ್ಲಗ್ ಹಾಕಿ ಬೇರ್ಪಡಿಸುವ ಪರೀಕ್ಷೆಯಿಂದ ಮತ್ತೆ ಆರಂಭಿಸಬೇಕು.